ಎರಡೂ ಟ್ಯಾಂಕ್ ಅಳೆಯಿರಿ: ಸೆಸ್ನಾ 172ಕ್ಕೆ ಕೊಂಡ ಡಿಪ್‌ಸ್ಟಿಕ್, ಎಂಟು ತಿಂಗಳ ಬಳಕೆಯ ನಂತರ

ನಮ್ಮದು ಪಾಂಡವಪುರದ ಹತ್ತಿರದ ಹಳ್ಳಿ. ಕಬ್ಬು, ಭತ್ತ, ಒಂದು ಹಳೇ ಟ್ರ್ಯಾಕ್ಟರ್. ಆ ಟ್ರ್ಯಾಕ್ಟರಿನ ಡೀಸೆಲ್ ಮುಳ್ಳು ನಾನು ಹುಟ್ಟುವ ಮೊದಲೇ ಕೆಟ್ಟಿತ್ತಂತೆ. ಅಪ್ಪ ಬೆಳಿಗ್ಗೆ ಗದ್ದೆಗೆ ಹೊರಡುವ ಮುಂಚೆ ತೆಂಗಿನ ಗರಿಯ ಕಡ್ಡಿಯೊಂದನ್ನು ಟ್ಯಾಂಕಿಗೆ ಇಳಿಸಿ, ಎಲ್ಲಿವರೆಗೆ ಒದ್ದೆಯಾಗಿದೆ ಅಂತ ನೋಡುತ್ತಾರೆ. ನೋಡದೆ ಹೊರಟದ್ದನ್ನು ನಾನು ಕಂಡಿಲ್ಲ. "ಖಾಲಿಯಾಗಿ ಏರ್ ಹಿಡ್ಕಂಡ್ರೆ ಅರ್ಧ ದಿನ ಹೋಯ್ತದೆ ಕಣವ್ವಾ" ಅನ್ನುತ್ತಾರೆ. ಟ್ರ್ಯಾಕ್ಟರ್ ನಿಂತರೆ ಹೋಗುವುದು ಅರ್ಧ ದಿನ. ನಾನು ಈಗ ಮೈಸೂರಿನ ಮಂಡಕಳ್ಳಿಯಲ್ಲಿ ವಿಮಾನ ಹಾರಿಸಲು ಕಲಿಯುತ್ತಿದ್ದೇನೆ. ಅಲ್ಲಿ ಖಾಲಿಯಾದರೆ ರಸ್ತೆ ಪಕ್ಕಕ್ಕೆ ನಿಲ್ಲಿಸಲು ಜಾಗ ಇರುವುದಿಲ್ಲ. ಅದಕ್ಕೇ ಟ್ಯಾಂಕಿನ ಇಂಧನ ಅಳೆಯುವ ಈ ಡಿಪ್‌ಸ್ಟಿಕ್ ಕೊಂಡೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ವಸ್ತು ಏನು ಅಂತ ಹೇಳಿಬಿಡುತ್ತೇನೆ. ಒಂದು ಅಡಿಗಿಂತ ಸ್ವಲ್ಪ ಉದ್ದದ, ಬೆರಳು ದಪ್ಪದ ಪಾರದರ್ಶಕ ಪ್ಲಾಸ್ಟಿಕ್ ಕೊಳವೆ. ಎರಡೂ ತುದಿ ತೆರೆದಿದೆ. ಮೈಮೇಲೆ ಕಪ್ಪು ಗೆರೆಗಳು, ಪಕ್ಕದಲ್ಲಿ ಗ್ಯಾಲನ್ ಲೆಕ್ಕದ ಅಂಕಿಗಳು (ಒಂದು ಗ್ಯಾಲನ್ ಅಂದರೆ ಸುಮಾರು 3.8 ಲೀಟರ್). ನಮ್ಮ ಸೀನಿಯರ್ ಒಬ್ಬರು ಹೊರದೇಶದಿಂದ ಬರುವಾಗ ತಂದುಕೊಟ್ಟರು, ನನಗೆ 2,400 ರೂಪಾಯಿ ಬಿತ್ತು. ಒಂದು ಪ್ಲಾಸ್ಟಿಕ್ ಕೊಳವೆಗೆ ಇಷ್ಟಾ ಅಂತ ಅಮ್ಮ ಕೇಳಿದರು. ನನಗೂ ಆಗ ಜಾಸ್ತಿ ಅನಿಸಿತ್ತು. ಈಗ ಅನಿಸುವುದಿಲ್ಲ.

ಬಳಸುವುದು ಹೀಗೆ. ನಾವು ಕಲಿಯುವ ಸಣ್ಣ ವಿಮಾನ ಸೆಸ್ನಾ 172ರಲ್ಲಿ ರೆಕ್ಕೆ ತಲೆಯ ಮೇಲಿರುತ್ತದೆ. ಟ್ಯಾಂಕುಗಳು ರೆಕ್ಕೆಯ ಒಳಗೆ, ಎಡಕ್ಕೊಂದು ಬಲಕ್ಕೊಂದು. ನಾನು ಐದಡಿ ಒಂದಿಂಚು. ರೆಕ್ಕೆಗೆ ಆಸರೆ ಕೊಡುವ ಓರೆ ಕಂಬದ (ಸ್ಟ್ರಟ್) ಮೇಲಿನ ಪುಟ್ಟ ಮೆಟ್ಟಿಲಿಗೆ ಕಾಲಿಟ್ಟು, ಹಿಡಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಮುಚ್ಚಳ ತಿರುಗಿಸಿ ತೆಗೆಯಬೇಕು. ಕೊಳವೆಯನ್ನು ನೆಟ್ಟಗೆ ಇಳಿಸಿದರೆ ತಳಕ್ಕೆ ಟಕ್ ಅಂತ ತಾಗುತ್ತದೆ. ಆಗ ಮೇಲಿನ ತುದಿಯನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಮುಚ್ಚಿ ಮೇಲೆತ್ತಬೇಕು. ಟ್ಯಾಂಕಿನಲ್ಲಿ ಎಷ್ಟು ಎತ್ತರಕ್ಕೆ ಪೆಟ್ರೋಲ್ ಇತ್ತೋ ಅಷ್ಟೇ ಎತ್ತರಕ್ಕೆ ಕೊಳವೆಯೊಳಗೆ ನಿಂತಿರುತ್ತದೆ. ತಿಳಿ ನೀಲಿ ಬಣ್ಣ. ವಿಮಾನದ ಈ ಪೆಟ್ರೋಲಿಗೆ ಏವ್‌ಗ್ಯಾಸ್ ಅನ್ನುತ್ತಾರೆ, 100ಎಲ್‌ಎಲ್ ದರ್ಜೆಯದಕ್ಕೆ ಗುರುತಿಗಾಗಿ ನೀಲಿ ಬಣ್ಣ ಸೇರಿಸಿರುತ್ತಾರೆ. ಬೆಳಗಿನ ಆರೂವರೆಗೆ, ಚಾಮುಂಡಿ ಬೆಟ್ಟದ ಕಡೆಯಿಂದ ಬೆಳಕು ಬರುವಾಗ, ಆ ನೀಲಿ ಗೆರೆ ಯಾವ ಅಂಕಿಯ ಎದುರು ನಿಂತಿದೆ ಅಂತ ಸ್ಪಷ್ಟವಾಗಿ ಕಾಣುತ್ತದೆ. ಹೆಬ್ಬೆರಳು ಸ್ವಲ್ಪ ಸಡಿಲವಾದರೂ ಗೆರೆ ಜಾರುತ್ತದೆ, ಮತ್ತೆ ಮೊದಲಿನಿಂದ ಅಳೆಯಬೇಕು. ಕೈಮೇಲೆ ಬಿದ್ದದ್ದು ತಣ್ಣಗೆ ಚುರುಗುಟ್ಟಿ ಆರಿಹೋಗುತ್ತದೆ. ಅದರಲ್ಲಿ ಸೀಸ ಇರುತ್ತದೆ, ಹಾಗಾಗಿ ತಿಂಡಿಗೆ ಕೂರುವ ಮೊದಲು ಸೋಪು ಹಾಕಿ ಕೈ ತೊಳೆಯಲೇಬೇಕು.

ಒಳಗೆ ಇಂಧನ ಎಷ್ಟಿದೆ ಅಂತ ತೋರಿಸುವ ಗೇಜ್ ಇದೆಯಲ್ಲ, ಇದೆಲ್ಲ ಯಾಕೆ ಅಂತ ಕೇಳಬಹುದು. ಈ ವಿಮಾನಗಳ ಗೇಜ್ ಟ್ಯಾಂಕಿನೊಳಗೆ ತೇಲುವ ಒಂದು ಬೆಂಡನ್ನು ನಂಬಿಕೊಂಡಿರುತ್ತದೆ. ವಿಮಾನ ವಾಲಿದರೆ ಪೆಟ್ರೋಲ್ ಒಂದು ಕಡೆ ಸರಿಯುತ್ತದೆ, ಬೆಂಡೂ ಕುಣಿಯುತ್ತದೆ, ಮುಳ್ಳೂ ಕುಣಿಯುತ್ತದೆ. ನಮಗೆ ಮೊದಲ ವಾರದಲ್ಲೇ ಹೇಳಿಕೊಟ್ಟದ್ದು ಇಷ್ಟು: ಗೇಜ್ ಒಂದು ಲೆಕ್ಕ ಹೇಳುತ್ತದೆ, ಡಿಪ್‌ಸ್ಟಿಕ್ ಒಂದು ಹೇಳುತ್ತದೆ, ಹಿಂದಿನ ಹಾರಾಟದ ಬರವಣಿಗೆ ಇನ್ನೊಂದು ಹೇಳುತ್ತದೆ. ಮೂರರಲ್ಲಿ ಯಾವುದು ಕಡಿಮೆಯೋ ಅದನ್ನೇ ನಂಬು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಡಿಪ್‌ಸ್ಟಿಕ್ ಬಂದ ಮೂರನೇ ವಾರ. ಅವತ್ತು ಎರಡು ಗಂಟೆ ಹದಿನೈದು ನಿಮಿಷದ ದೂರದ ಹಾರಾಟ. ಎಡಗಡೆ ಹತ್ತಿ ಅಳೆದೆ, 15 ಗ್ಯಾಲನ್ ಬಂತು. ಹೊಸ ವಸ್ತು, ಖುಷಿ ಬೇರೆ. ಬಲಗಡೆಯೂ ಅಷ್ಟೇ ಇರುತ್ತದೆ ಅಂದುಕೊಂಡು ಕಾಗದದ ಮೇಲೆ 30 ಅಂತ ಬರೆದೆ. ಎರಡೂ ಟ್ಯಾಂಕಿನ ತಳದಲ್ಲಿ ಎಂಜಿನ್‌ಗೆ ಸಿಗದೆ ಉಳಿಯುವ ಒಟ್ಟು 3 ಗ್ಯಾಲನ್ ಕಳೆದರೆ 27. ಗಂಟೆಗೆ 9 ಗ್ಯಾಲನ್ ಲೆಕ್ಕದಲ್ಲಿ ಮೂರು ಗಂಟೆ. ಹಾರಾಟ ಮುಗಿದ ಮೇಲೂ ಮುಕ್ಕಾಲು ಗಂಟೆ ಮಿಗುತ್ತದೆ. ಲೆಕ್ಕ ಚೆನ್ನಾಗಿಯೇ ಕಂಡಿತು.

ಇನ್‌ಸ್ಟ್ರಕ್ಟರ್ ಸರ್ ಕಾಗದ ನೋಡಿ ಕೇಳಿದರು, "ಬಲಗಡೆ ಎಷ್ಟಮ್ಮ?"

"ಅಷ್ಟೇ ಸರ್."

"ಅಳೆದೆಯಾ?"

ನಾನು ಸುಮ್ಮನಾದೆ. ಅವರು ಬೈಯಲಿಲ್ಲ. ಮೆಟ್ಟಿಲ ಕಡೆ ಕೈ ತೋರಿಸಿದರು. ಹತ್ತಿ ಅಳೆದೆ. 9.

ವಿಮಾನ ನಿಂತಿದ್ದ ಜಾಗ ಎಡಕ್ಕೆ ಸ್ವಲ್ಪ ಇಳಿಜಾರಾಗಿತ್ತು. ಕಣ್ಣಿಗೆ ಕಾಣದಷ್ಟು. 172ರಲ್ಲಿ ಇಂಧನದ ಸೆಲೆಕ್ಟರನ್ನು, ಅಂದರೆ ಯಾವ ಟ್ಯಾಂಕಿನಿಂದ ಇಂಧನ ಬರಬೇಕು ಅಂತ ಆರಿಸುವ ತಿರುಗಣೆಯನ್ನು, ಎರಡೂ ಟ್ಯಾಂಕಿಗೆ ಇಟ್ಟು ಬಿಟ್ಟರೆ ಮೇಲಿನ ರೆಕ್ಕೆಯದು ಕೆಳಗಿನ ರೆಕ್ಕೆಗೆ ಮೆಲ್ಲಗೆ ಹರಿಯುತ್ತದೆ. ರಾತ್ರಿಯೆಲ್ಲ ಹರಿದಿದೆ. ಸಮತಟ್ಟಾದ ಕಡೆಗೆ ತಳ್ಳಿಕೊಂಡು ಹೋಗಿ, ಕಾದು, ಮತ್ತೆ ಅಳೆದೆವು. ಒಟ್ಟು 24 ದಾಟಲಿಲ್ಲ. ಸಿಗದ 3 ಕಳೆದರೆ 21. ಒಂಬತ್ತರಿಂದ ಭಾಗಿಸಿದರೆ ಎರಡು ಗಂಟೆ ಇಪ್ಪತ್ತು ನಿಮಿಷ. ಹಾರಾಟ ಎರಡು ಗಂಟೆ ಹದಿನೈದು ನಿಮಿಷದ್ದು.

ಐದು ನಿಮಿಷ. ಎದುರುಗಾಳಿ ಸ್ವಲ್ಪ ಜಾಸ್ತಿಯಾಗಿದ್ದರೆ, ಇಳಿಯುವ ಮುಂಚೆ ಒಂದು ಸುತ್ತು ಕಾಯಲು ಹೇಳಿದ್ದರೆ, ಅದೂ ಇಲ್ಲ. ಅವತ್ತು ಏವ್‌ಗ್ಯಾಸ್ ಹಾಕಿಸಿಕೊಂಡು ಅರ್ಧ ಗಂಟೆ ತಡವಾಗಿ ಹೊರಟೆವು. ರಾತ್ರಿ ರೂಮಿಗೆ ಬಂದು ಆ ಕಾಗದವನ್ನು ಗೋಡೆಗೆ ಅಂಟಿಸಿದೆ. 30 ಅಂತ ಬರೆದದ್ದು ಇನ್ನೂ ಹಾಗೇ ಇದೆ.

ಇಂಥ ತಪ್ಪು ಕಲಿಯುವವರು ಮಾತ್ರ ಮಾಡುತ್ತಾರೆ ಅಂತ ನಾನು ನಂಬಿದ್ದೆ. ಅಮೆರಿಕದ ಅಪಘಾತ ತನಿಖಾ ಮಂಡಳಿ ಎನ್‌ಟಿಎಸ್‌ಬಿ 2017ರಲ್ಲಿ ಹೊರಡಿಸಿದ ಎಚ್ಚರಿಕೆ ಓದಿದ ಮೇಲೆ ಆ ನಂಬಿಕೆ ಹೋಯಿತು. 2011ರಿಂದ 2015ರವರೆಗೆ ಅಲ್ಲಿ ಸಣ್ಣ ವಿಮಾನಗಳು ಇಂಧನದ ವಿಷಯಕ್ಕೇ ವರ್ಷಕ್ಕೆ ಸರಾಸರಿ 50ಕ್ಕಿಂತ ಹೆಚ್ಚು ಅಪಘಾತಕ್ಕೆ ಸಿಕ್ಕಿವೆ. ಟ್ಯಾಂಕ್, ಪೈಪು, ಪಂಪು ಕೆಟ್ಟದ್ದು ಶೇ. 5ಕ್ಕಿಂತ ಕಡಿಮೆ. ಉಳಿದದ್ದೆಲ್ಲ ಮನುಷ್ಯರ ಲೆಕ್ಕ, ಮನುಷ್ಯರ ಮರೆವು. ಅದರಲ್ಲಿ ಸಿಕ್ಕಿಬಿದ್ದ ಪೈಲಟ್‌ಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ಕಮರ್ಷಿಯಲ್ ಅಥವಾ ಅದಕ್ಕೂ ಮೇಲಿನ ಲೈಸೆನ್ಸ್ ಇದ್ದವರು. ವಿದ್ಯಾರ್ಥಿಗಳು ಶೇ. 2 ಅಷ್ಟೇ. ಹೆಚ್ಚಿನವು ನಡೆದದ್ದು ಹಗಲಿನಲ್ಲಿ. ವಿದ್ಯಾರ್ಥಿ ಭಯದಿಂದ ಮೆಟ್ಟಿಲು ಹತ್ತುತ್ತಾನೆ. ಅನುಭವ ಬಂದವರು ಹತ್ತದೆ ಹೊರಡುತ್ತಾರೆ. ಹಾಗಂತ ನನಗೆ ಅನಿಸುತ್ತದೆ.

ಅದೇ ಎಚ್ಚರಿಕೆಯಲ್ಲಿ ಎರಡು ಬಗೆ ಹೇಳಿದ್ದಾರೆ. ಒಂದು, ವಿಮಾನದಲ್ಲಿ ಬಳಸುವಂಥ ಇಂಧನ ಪೂರ್ತಿ ಮುಗಿದುಹೋಗುವುದು. ಅಪಘಾತಗಳಲ್ಲಿ ಶೇ. 56 ಇದು. ಇನ್ನೊಂದು, ಇಂಧನ ಇದೆ, ಆದರೆ ಎಂಜಿನ್‌ಗೆ ತಲುಪುವುದಿಲ್ಲ. ಶೇ. 35. ಎರಡನೆಯದು ಹೇಗೆ ಸಾಧ್ಯ ಅಂತ ಮನೆಯಲ್ಲಿ ಕೇಳಿದರು. ಅಣ್ಣನ ಹಳೇ ಬೈಕಿನ ಉದಾಹರಣೆ ಕೊಟ್ಟೆ. ಟ್ಯಾಂಕಿನ ಕೆಳಗೆ ಆನ್, ಆಫ್, ರಿಸರ್ವ್ ಅಂತ ಒಂದು ಪುಟ್ಟ ತಿರುಗಣೆ ಇರುತ್ತಲ್ವಾ? ಒಮ್ಮೆ ರಿಸರ್ವ್‌ಗೆ ತಿರುಗಿಸಿ, ಪೆಟ್ರೋಲ್ ಹಾಕಿಸಿದ ಮೇಲೆ ವಾಪಸ್ ತಿರುಗಿಸುವುದನ್ನು ಮರೆತರೆ, ಮುಂದಿನ ಸಲ ರಿಸರ್ವ್ ಅನ್ನುವುದೇ ಇರುವುದಿಲ್ಲ. ನಾವಿಬ್ಬರೂ ಒಂದು ಸಂಜೆ ಸಿದ್ದಲಿಂಗಪುರದ ಹತ್ತಿರ ಹೀಗೇ ನಿಂತಿದ್ದೆವು. ಬಂಕ್‌ವರೆಗೆ ತಳ್ಳಿಕೊಂಡು ಹೋದೆವು. ವಿಮಾನದಲ್ಲೂ ಅಂಥದ್ದೇ ತಿರುಗಣೆ ಇದೆ. 172ರಲ್ಲಿ ಎಡ, ಬಲ, ಎರಡೂ ಅಂತ ಮೂರು ಆಯ್ಕೆ, ಹಾಗಾಗಿ ಸ್ವಲ್ಪ ನಿರಾಳ. ಪೈಪರ್ ಚೆರೋಕಿಯಂಥ ವಿಮಾನಗಳಲ್ಲಿ ಎರಡೂ ಅನ್ನುವುದೇ ಇಲ್ಲ. ಪೈಲಟ್ಟೇ ಹೊತ್ತು ನೋಡಿಕೊಂಡು ಎಡಕ್ಕೆ ಬಲಕ್ಕೆ ಬದಲಿಸುತ್ತಿರಬೇಕು. ಮರೆತರೆ ಒಂದು ರೆಕ್ಕೆ ತುಂಬಿರುವಾಗಲೇ ಎಂಜಿನ್ ನಿಲ್ಲುತ್ತದೆ.

ಈ ತಿರುಗಣೆಯ ವಿಷಯ ಬಂದಾಗ ನನಗೆ ಜಾನ್ ಡೆನ್ವರ್ ನೆನಪಾಗುತ್ತಾರೆ. ಹೆಸರಾಂತ ಗಾಯಕ, ಅನುಭವ ಇದ್ದ ಪೈಲಟ್. 1997ರ ಅಕ್ಟೋಬರ್ 12ರಂದು ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ ತಮ್ಮ ಲಾಂಗ್ ಇಝೀ ವಿಮಾನದೊಂದಿಗೆ ಬಿದ್ದು ತೀರಿಕೊಂಡರು. ಮನೆಯಲ್ಲೇ ಜೋಡಿಸುವ ಜಾತಿಯ ವಿಮಾನ ಅದು. ಅದನ್ನು ಕಟ್ಟಿದವರು ಸೆಲೆಕ್ಟರನ್ನು ಪೈಲಟ್‌ನ ಎಡ ಭುಜದ ಹಿಂದೆ ಇಟ್ಟಿದ್ದರು. ತಿರುಗಿಸಬೇಕಾದರೆ ಮೈಯನ್ನೇ ಹಿಂದಕ್ಕೆ ತಿರುಗಿಸಬೇಕು. ಹಾಗೆ ತಿರುಗುವಾಗ ಬಲಗಾಲು ವಿಮಾನದ ಮೂತಿಯನ್ನು ಎಡಬಲಕ್ಕೆ ತಿರುಗಿಸುವ ರಡರ್ ಪೆಡಲನ್ನು ಒತ್ತಿ, ವಿಮಾನ ಹತೋಟಿ ತಪ್ಪಿತು ಅಂತ ತನಿಖೆ ಹೇಳಿತು. ಹೊರಡುವ ಮುಂಚೆ ಇಂಧನ ತುಂಬಿಸಲೇ ಅಂತ ಕೇಳಿದ್ದಕ್ಕೆ ಅವರು ಬೇಡ ಅಂದಿದ್ದರು. ಇದನ್ನು ಓದಿದ ದಿನದಿಂದ ನಾನು ಸೀಟಿನಲ್ಲಿ ಕೂತ ತಕ್ಷಣ, ಕಣ್ಣು ಮುಚ್ಚಿಕೊಂಡು ಒಮ್ಮೆ ಸೆಲೆಕ್ಟರಿಗೆ ಕೈ ಹಾಕಿ ನೋಡುತ್ತೇನೆ. ನಮ್ಮದರಲ್ಲಿ ಅದು ಎರಡು ಸೀಟಿನ ನಡುವೆ, ಕೆಳಗೆ ಇದೆ. ಸುಲಭವಾಗಿ ಸಿಗುತ್ತದೆ.

ಡಿಪ್‌ಸ್ಟಿಕ್ಕಿನ ಕೊರತೆಗಳನ್ನೂ ಹೇಳಬೇಕು. ದೊಡ್ಡದು ಇದು: 172 ಅಂತ ಹೇಳಿ ಕೊಂಡರೆ ಸಾಲದು. ನಾನು ಹಾರಿಸುವ 172ಎಸ್‌ನ ಟ್ಯಾಂಕುಗಳು ಒಟ್ಟು 56 ಗ್ಯಾಲನ್, ಬಳಕೆಗೆ ಸಿಗುವುದು 53. ಹಳೇ 172ಎನ್‌ನ ಸಾಮಾನ್ಯ ಟ್ಯಾಂಕುಗಳು 43, ಬಳಕೆಗೆ 40. ಒಂದರ ಅಳತೆಗೋಲನ್ನು ಇನ್ನೊಂದಕ್ಕೆ ಇಳಿಸಿದರೆ ಗೆರೆ ಎಲ್ಲೋ ಒಂದು ಕಡೆ ನಿಲ್ಲುತ್ತದೆ, ಅಂಕಿಯೂ ಕಾಣುತ್ತದೆ. ಸುಳ್ಳು ಅಂಕಿ. ಅಂಕಿಯೇ ಇಲ್ಲದಿದ್ದರೆ ಭಯವಾದರೂ ಇರುತ್ತದೆ, ಸುಳ್ಳು ಅಂಕಿ ಧೈರ್ಯ ಕೊಡುತ್ತದೆ. ನಾನು ಬಂದ ತಕ್ಷಣ ಒಂದು ಪರೀಕ್ಷೆ ಮಾಡಿದೆ. 172ಎಸ್‌ನಲ್ಲಿ ಇಂಧನ ಹಾಕುವ ಬಾಯಿಯ ಒಳಗೆ ಒಂದು ಪಟ್ಟಿ ಇರುತ್ತದೆ. ಅದರ ಕೆಳ ಅಂಚಿನವರೆಗೆ ತುಂಬಿದರೆ ಆ ಟ್ಯಾಂಕಿನಲ್ಲಿ ಬಳಕೆಗೆ 17.5 ಗ್ಯಾಲನ್ ಇರುತ್ತದೆ ಅಂತ ವಿಮಾನದ ಕೈಪಿಡಿಯೇ ಹೇಳುತ್ತದೆ. ಅಷ್ಟಿದ್ದ ದಿನ ಅಳೆದು ಕೊಳವೆಯ ಅಂಕಿಯೊಂದಿಗೆ ತಾಳೆ ನೋಡಿದೆ. ಒಂದು ಗ್ಯಾಲನ್‌ನೊಳಗೆ ಹೊಂದಿತು. ನೀವೂ ಹೀಗೆ ನೋಡದೆ ನಂಬಬೇಡಿ.

ಎರಡನೆಯದು, ಇಂಧನ ತೀರಾ ಕಡಿಮೆ ಇದ್ದಾಗ ಇದು ಮೂಕವಾಗುತ್ತದೆ. ರೆಕ್ಕೆ ತುದಿಯ ಕಡೆಗೆ ಸ್ವಲ್ಪ ಮೇಲೆದ್ದಿರುವುದರಿಂದ ಉಳಿದದ್ದೆಲ್ಲ ಒಳಭಾಗಕ್ಕೆ ಸರಿದಿರುತ್ತದೆ, ಕೊಳವೆ ಇಳಿಯುವ ಜಾಗಕ್ಕೆ ಸಿಗುವುದಿಲ್ಲ. ಕೊಳವೆ ಒಣಗಿಕೊಂಡು ಬಂದರೆ ಸ್ವಲ್ಪವಾದರೂ ಇರಬಹುದು ಅಂತ ಊಹಿಸುವುದು ಬೇಡ. ಇಲ್ಲ ಅಂತಲೇ ಲೆಕ್ಕ.

ಲೀಟರ್ ಅಂಕಿ ಇಲ್ಲದಿರುವುದು ನನಗೆ ನಿಜವಾದ ತೊಂದರೆ. ನಮ್ಮಲ್ಲಿ ಏವ್‌ಗ್ಯಾಸ್ ಬರುವುದು ಲೀಟರ್ ಲೆಕ್ಕದಲ್ಲಿ. ವಿಮಾನದ ಕೈಪಿಡಿ ಅಮೆರಿಕನ್ ಗ್ಯಾಲನ್‌ನಲ್ಲಿ, ಅಂದರೆ 3.785 ಲೀಟರ್. ತೂಕದ ಲೆಕ್ಕಕ್ಕೆ ಲೀಟರಿಗೆ 0.72 ಕಿಲೋ. ಮೂರು ಅಳತೆಗಳ ನಡುವೆ ಓಡಾಡುವಾಗಲೇ ಕಾಲು ಜಾರುವುದು. 1983ರ ಜುಲೈ 23ರಂದು ಏರ್ ಕೆನಡಾದ ಬೋಯಿಂಗ್ 767 ಹಾಗೆಯೇ ಜಾರಿತು. ದೊಡ್ಡ ವಿಮಾನ, ಆದರೆ ತಪ್ಪು ನಮ್ಮಂಥವರದ್ದೇ. ಗೇಜ್ ಕೆಟ್ಟಿತ್ತು, ಹಾಗಾಗಿ ಟ್ಯಾಂಕನ್ನು ಕಡ್ಡಿಯಿಂದ ಅಳೆದರು. ಅಳತೆ ಸರಿಯಾಗಿಯೇ ಇತ್ತು. ಲೀಟರನ್ನು ಕಿಲೋಗೆ ತಿರುಗಿಸುವಾಗ 0.8ರಿಂದ ಗುಣಿಸುವ ಬದಲು ಪೌಂಡಿನ 1.77ರಿಂದ ಗುಣಿಸಿದರು. 22,300 ಕಿಲೋ ಬೇಕಿದ್ದ ಕಡೆ ಅದರ ಅರ್ಧಕ್ಕಿಂತ ಕಡಿಮೆ ಇಂಧನದಲ್ಲಿ ಹೊರಟಿತು. 41,000 ಅಡಿ ಎತ್ತರದಲ್ಲಿ ಹಾರುತ್ತಿದ್ದಾಗ ಇಂಧನದ ಒತ್ತಡ ಕಡಿಮೆ ಎಂಬ ಎಚ್ಚರಿಕೆ ಬಂತು, ಸ್ವಲ್ಪ ಹೊತ್ತಿನಲ್ಲೇ ಎಂಜಿನ್‌ಗಳು ಒಂದಾದ ಮೇಲೊಂದು ನಿಂತವು. ಕ್ಯಾಪ್ಟನ್ ಬಾಬ್ ಪಿಯರ್ಸನ್ ಎಂಜಿನ್ ಇಲ್ಲದೆ ತೇಲುವ ಗ್ಲೈಡರ್ ಹಾರಿಸಿದ್ದವರು, ಹಾಗಾಗಿ ಗಿಮ್ಲಿ ಎಂಬ ಊರಿನ ಹಳೇ ವಾಯುನೆಲೆಯಲ್ಲಿ ಇಳಿಸಿದರು. ಒಳಗಿದ್ದ 69 ಜನರೂ ಬದುಕಿದರು. ನಾನು ಈಗ ಕಾಗದದಲ್ಲಿ ಬರಿ ಅಂಕಿ ಬರೆಯುವುದನ್ನು ಬಿಟ್ಟಿದ್ದೇನೆ. 24 ಅಂತ ಬರೆಯುವುದಿಲ್ಲ. 24 ಗ್ಯಾಲನ್, 91 ಲೀಟರ್ ಅಂತ ಎರಡನ್ನೂ ಬರೆಯುತ್ತೇನೆ.

ಮುಚ್ಚಳದ ವಿಷಯ ಡಿಪ್‌ಸ್ಟಿಕ್ ಮಾರುವವರು ಹೇಳುವುದಿಲ್ಲ, ನಾನು ಹೇಳುತ್ತೇನೆ. ಪ್ರತಿ ಸಲ ಅಳೆಯಲು ಮುಚ್ಚಳ ತೆಗೆಯುತ್ತೀರಿ. ಸರಿಯಾಗಿ ಕೂರದಿದ್ದರೆ ಹಾರುವಾಗ ರೆಕ್ಕೆಯ ಮೇಲಿನ ಗಾಳಿ ಪೆಟ್ರೋಲನ್ನು ಹೀರಿ ಹೊರಗೆಳೆಯುತ್ತದೆ. ಮುಚ್ಚಳ ಇರುವುದು ರೆಕ್ಕೆಯ ಮೇಲೆ, ಸೀಟಿನಲ್ಲಿ ಕೂತವರಿಗೆ ಕಾಣುವುದೇ ಇಲ್ಲ. ನಾನು ತಿರುಗಿಸಿ, ಕೈಯಿಂದ ಒಮ್ಮೆ ಎಳೆದು ನೋಡಿ, "ಎಡ ಮುಚ್ಚಿದೆ, ಬಲ ಮುಚ್ಚಿದೆ" ಅಂತ ಬಾಯಿಬಿಟ್ಟು ಹೇಳುತ್ತೇನೆ.

ಇದರ ಜೊತೆಗೆ ಒಂದು ಪುಟ್ಟ ಪಾರದರ್ಶಕ ಬಟ್ಟಲೂ ಬಂತು, ಟ್ಯಾಂಕಿನ ತಳದಿಂದ ಸ್ಯಾಂಪಲ್ ತೆಗೆಯಲು. ನಮ್ಮ 172ಎಸ್‌ನಲ್ಲಿ ಹೀಗೆ ತೆಗೆಯುವ ಜಾಗಗಳು 13. ನೀರು ಪೆಟ್ರೋಲಿಗಿಂತ ಭಾರ, ತಳದಲ್ಲಿ ಗುಳ್ಳೆಯ ಹಾಗೆ ಕೂರುತ್ತದೆ. ಮಳೆಗಾಲದಲ್ಲಿ ಎರಡು ಸಲ ಕಂಡಿದೆ. ಬಟ್ಟಲು ಗಟ್ಟಿಯಾಗಿದೆ, ದೂರು ಇಲ್ಲ.

ಮೇಲಕ್ಕೆ ಹೋದ ಮೇಲೆ ಈ ಕೊಳವೆ ಹಿಂದಿನ ಸೀಟಿನ ಚೀಲದಲ್ಲಿರುತ್ತದೆ, ಯಾವ ಸಹಾಯಕ್ಕೂ ಬರುವುದಿಲ್ಲ. ಅಲ್ಲಿ ಗಡಿಯಾರವೇ ಗೇಜ್. ಎಂಜಿನ್ ಶುರುವಾದ ಹೊತ್ತನ್ನು ತೊಡೆಯ ಮೇಲಿನ ಹಲಗೆಯಲ್ಲಿ ಬರೆಯುತ್ತೇನೆ. ಅದರ ಕೆಳಗೆ ಇನ್ನೊಂದು ಹೊತ್ತು: ಇಷ್ಟಕ್ಕೆ ನಾನು ನೆಲದ ಮೇಲಿರಬೇಕು. ಎತ್ತರದಲ್ಲಿ ಮಿಕ್ಸ್ಚರ್, ಅಂದರೆ ಗಾಳಿಗೆ ಬೆರೆಯುವ ಪೆಟ್ರೋಲಿನ ಪ್ರಮಾಣ, ಸರಿಯಾಗಿ ಇಳಿಸದಿದ್ದರೆ ಎಂಜಿನ್ ಕೈಪಿಡಿಯಲ್ಲಿ ಬರೆದದ್ದಕ್ಕಿಂತ ಜಾಸ್ತಿ ಕುಡಿಯುತ್ತದೆ. ಅದಕ್ಕೇ ಇಳಿದ ಮೇಲೂ ಅಳೆಯುತ್ತೇನೆ. ಎಂಟು ತಿಂಗಳ ಲೆಕ್ಕ ಒಂದು ಪುಸ್ತಕದಲ್ಲಿದೆ. ನನ್ನ ಕೈಯಲ್ಲಿ ಈ ವಿಮಾನ ಗಂಟೆಗೆ 9 ಅಲ್ಲ, 9.4 ಗ್ಯಾಲನ್ ಕುಡಿಯುತ್ತದೆ. ಈ ಒಂದು ಅಂಕಿಗೇ ಕೊಟ್ಟ ದುಡ್ಡು ಬಂತು ಅನ್ನುತ್ತೇನೆ.

ಕೊನೆಯ ದೂರು ಅಂಕಿಗಳದ್ದು. ಐದನೇ ತಿಂಗಳಿಗೆ ಮಸುಕಾದವು. ಪೆಟ್ರೋಲಿಗೇ ಇಳಿಸುವ ವಸ್ತುವಿನ ಮೇಲೆ ಪೆಟ್ರೋಲಿಗೆ ಕರಗುವ ಬಣ್ಣ ಹಾಕಿದ್ದು ಸರಿಯಲ್ಲ. 8 ಯಾವುದು, 6 ಯಾವುದು ಅಂತ ಗೊತ್ತಾಗದ ಹಾಗಾಯಿತು. ದೇವರಾಜ ಅರಸು ರಸ್ತೆಯ ಪಕ್ಕದ ಗಲ್ಲಿಯಲ್ಲಿ ನೇಮ್‌ಪ್ಲೇಟ್ ಕೆತ್ತುವ ಅಂಗಡಿಗೆ ತೆಗೆದುಕೊಂಡು ಹೋದೆ. ವಯಸ್ಸಾದವರು ಇದು ಏನು ಅಂತ ಕೇಳಿದರು. ಹೇಳಿದೆ. ಮಸುಕಾದ ಪ್ರತಿ ಗೆರೆಯ ಮೇಲೂ ಸೂಜಿಯಂಥ ಮೊನೆ ಇಟ್ಟು, ಭೂತಗನ್ನಡಿಯಲ್ಲಿ ನೋಡುತ್ತಾ, ಮುಕ್ಕಾಲು ಗಂಟೆ ಕೂತು ಕೆತ್ತಿದರು. ಮುಗಿದ ಮೇಲೆ ಅಂಕಿಗಳನ್ನು ನನ್ನಿಂದ ಓದಿಸಿ ಒಂದೊಂದನ್ನೂ ತಾಳೆ ನೋಡಿದರು. 80 ರೂಪಾಯಿ ತೆಗೆದುಕೊಂಡರು. ಈಗ ಬಣ್ಣ ಹೋದರೂ ಉಗುರಿಗೆ ಗೆರೆ ಸಿಗುತ್ತದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಆ ಬಣ್ಣಕ್ಕೆ. ಕೊಳ್ಳುವವರು ಮೊದಲು ನಿಮ್ಮ ವಿಮಾನದ ಕೈಪಿಡಿಯಲ್ಲಿ ಟ್ಯಾಂಕ್ ಎಷ್ಟು ಗ್ಯಾಲನ್‌ದು ಅಂತ ನೋಡಿ, ಆ ಅಂಕಿಯನ್ನೇ ಹೇಳಿ ಕೇಳಿ. ಸೆಸ್ನಾ 152 ಹಾರಿಸುವವರಿಗೆ ಇದು ಬೇಡ, ಅದರ ಟ್ಯಾಂಕ್ ಬೇರೆ, ಅಳತೆಗೋಲೂ ಬೇರೆ. ಕಳೆದ ವಾರ ಊರಿಗೆ ಹೋದಾಗ ಅಪ್ಪನಿಗೆ ತೋರಿಸಿದೆ. ಹೆಬ್ಬೆರಳು ಒತ್ತಿ ಟ್ರ್ಯಾಕ್ಟರ್ ಟ್ಯಾಂಕಿನಿಂದ ಡೀಸೆಲ್ ಎತ್ತಿ ನೋಡಿದರು, ಚೆನ್ನಾಗಿದೆ ಅಂದರು. ಆಮೇಲೆ ಬಟ್ಟೆಯಿಂದ ಒಳಗೂ ಹೊರಗೂ ಒರೆಸಿ, ಎರಡು ಸಲ ಏವ್‌ಗ್ಯಾಸಿನಲ್ಲಿ ತೊಳೆದ ಮೇಲೇ ನಾನು ಅದನ್ನು ಮತ್ತೆ ವಿಮಾನಕ್ಕೆ ಇಳಿಸಿದ್ದು.